ಎಡಗಾಲಿನ ಪರವಾಗಿ

ಹಳೆಯ ಮೋಟಾರುಗಾಡಿಗಳನ್ನು ಪ್ರೀತಿಸುವವರಲ್ಲಿ ಎರಡು ಮತಗಳಿವೆ. ಗಾಡಿ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರತಕ್ಕದ್ದು, ಅದರ ಒಂದು ಬೋಲ್ಟನ್ನು ಬದಲಾಯಿಸಿದರೂ ಅಪಚಾರ ಎನ್ನುವುದು ಒಂದು ಮತ. ಗಾಡಿ ಇರುವುದು ಓಡುವುದಕ್ಕೆ, ಓಡಿಸುವವನ ಮೈಗೆ ಒಗ್ಗುವಂತೆ ಅದನ್ನು ತಿದ್ದಿಕೊಳ್ಳಬಹುದು ಎನ್ನುವುದು ಇನ್ನೊಂದು. ನಾನು ಎರಡನೆಯ ಮತದವನು. ಇಷ್ಟು ದಿನ ಇದನ್ನು ಮನೆಯ ಜಗಲಿಯ ಮೇಲೆ ಕುಳಿತು ಹೇಳಿಕೊಂಡಿದ್ದೆ. ಈಗ ಅಚ್ಚಿನಲ್ಲಿ ಹೇಳಬೇಕಾಗಿ ಬಂದಿದೆ. ಏಕೆಂದರೆ ಮೊದಲನೆಯ ಮತದವರು ಈಚೆಗೆ ಬರಿಯ ಮತಸ್ಥರಾಗಿ ಉಳಿದಿಲ್ಲ, ನ್ಯಾಯಾಧೀಶರೇ ಆಗಿಬಿಟ್ಟಿದ್ದಾರೆ. ಸಾಲದ್ದಕ್ಕೆ ಸರ್ಕಾರದ ಕಾನೂನೂ ಅವರ ಕಡೆಗೆ ವಾಲಿದಂತೆ ಕಾಣುತ್ತದೆ.

ವ್ಯಾಜ್ಯದ ವಸ್ತು ಒಂದು ಗೇರ್‌ಪೆಟ್ಟಿಗೆ. ಮಳವಳ್ಳಿಯಲ್ಲಿರುವ ನನ್ನ ಷಡ್ಡಕರಿಗೆ ಎಪ್ಪತ್ತು ದಾಟಿದೆ. ಅವರ ಬಳಿ 1990ರ ದಶಕದ ಒಂದು ಕಂಟೆಸ್ಸಾ ಕಾರಿದೆ. ಎರಡು ವರ್ಷದ ಹಿಂದೆ ಅವರ ಎಡಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಲೋಹದ ಕೀಲು ಬಂದು ಕೂತಿತು. ಈಗ ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ಗದ್ದೆಯ ಬದುವಿನ ಮೇಲೂ ಹೋಗಿ ಬರುತ್ತಾರೆ. ಆದರೆ ಕಂಟೆಸ್ಸಾದ ಕ್ಲಚ್ಚನ್ನು ದಾರಿಯುದ್ದಕ್ಕೂ ತುಳಿಯುವುದು ಮಾತ್ರ ಅವರಿಂದ ಆಗದು. ಕಣ್ಣು ಚೆನ್ನಾಗಿದೆ, ಕೈ ಗಟ್ಟಿಯಾಗಿದೆ, ಬಲಗಾಲು ಮೊದಲಿನಂತೆಯೇ ಇದೆ. ಬೇಕಾದದ್ದು ಎಡಗಾಲಿಗೆ ರಜೆ, ಅಷ್ಟೆ. ಆದ್ದರಿಂದ ಆ ಗಾಡಿಗೆ ಸ್ವಯಂಚಾಲಿತ ಗೇರ್‌ಪೆಟ್ಟಿಗೆಯನ್ನು ಹಾಕಿಸಬೇಕೆಂದು ಅವರ ಆಸೆ. ಮಂಡ್ಯದಲ್ಲಿ ಹಳೆಯ ಗಾಡಿಗಳ ಅಭಿಮಾನಿಗಳು ನಾಲ್ಕು ಜನ ಸೇರಿದ್ದಾಗ ಈ ಪ್ರಸ್ತಾಪ ಬಂತು. ‘ಹಾಗೆ ಮಾಡುವುದಕ್ಕಿಂತ ಗಾಡಿಯನ್ನು ಮಾರಿಬಿಡಿ’ ಎಂದರು ಒಬ್ಬರು. ‘ಕಂಟೆಸ್ಸಾಕ್ಕೆ ಆಟೊಮ್ಯಾಟಿಕ್ ಹಾಕುವುದೆಂದರೆ ಪೈಲ್ವಾನನಿಗೆ ಸೀರೆ ಉಡಿಸಿದ ಹಾಗೆ’ ಎಂದರು ಇನ್ನೊಬ್ಬರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಸೀರೆಯುಟ್ಟವರು ಮದ್ದೂರಿನ ಸಂತೆಗೆ ತಲೆಯ ಮೇಲೆ ಹೊತ್ತು ತರುವ ಭಾರವನ್ನು ಆ ಮಹನೀಯರು ನೋಡಿಲ್ಲವೆಂದು ಕಾಣುತ್ತದೆ.

ಕ್ಲಚ್ಚು ತುಳಿಯುವುದು ಅಷ್ಟು ದೊಡ್ಡ ಕಷ್ಟವೆ ಎಂದು ಕೇಳುವ ವಾಚಕರು ಕಬ್ಬು ಅರೆಯುವ ಕಾಲದಲ್ಲಿ ಒಮ್ಮೆ ಮಳವಳ್ಳಿಯಿಂದ ಮದ್ದೂರಿಗೆ ಬರಬೇಕು. ಕೆ. ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಯತ್ತ ಹೊರಟ ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೈಲರು, ಟ್ರೈಲರಿನ ಮೇಲೆ ರಸ್ತೆಯ ಎರಡು ಮಗ್ಗುಲಿಗೂ ಚಾಚಿಕೊಂಡ ಕಬ್ಬಿನ ಜಲ್ಲೆ. ಮುಂದೆ ಏನಿದೆ ಎಂಬುದು ಕಾಣುವುದಿಲ್ಲ. ದಾಟಿ ಹೋಗುವ ಹಾಗಿಲ್ಲ. ಒಂದನೆಯ ಗೇರು, ಎರಡನೆಯ ಗೇರು, ಮತ್ತೆ ಒಂದನೆಯದು. ಟ್ರ್ಯಾಕ್ಟರು ಮನುಷ್ಯ ನಡೆಯುವ ವೇಗಕ್ಕೆ ಇಳಿದಾಗ ಅರ್ಧ ಕ್ಲಚ್ಚಿನಲ್ಲಿ ಕಾಲನ್ನು ಗಾಳಿಯಲ್ಲಿ ನಿಲ್ಲಿಸಿಕೊಂಡಿರಬೇಕು. ಕಬ್ಬಿನ ಗಾಡಿ ಪಕ್ಕಕ್ಕೆ ಸರಿಯಿತು ಎನ್ನುವಷ್ಟರಲ್ಲಿ ಒಂದು ಬಸ್ಸು, ಬಸ್ಸಿನ ಹಿಂದೆ ಎಮ್ಮೆಗಳು, ಎಮ್ಮೆಗಳ ಹಿಂದೆ ಇನ್ನೊಂದು ಟ್ರ್ಯಾಕ್ಟರು. ಗಟ್ಟಿಮುಟ್ಟಾದ ಹುಡುಗನ ತೊಡೆಯೂ ನಡುಗುವ ದಾರಿ ಅದು. ಮಂಡಿಯೊಳಗೆ ಲೋಹವಿಟ್ಟುಕೊಂಡವರ ಪಾಡು ಹೇಳಬೇಕಾದ್ದಿಲ್ಲ.

ಈಗ ಅಸಲಿತನದ ವಿಚಾರ. ಕಂಟೆಸ್ಸಾವನ್ನು ಅದರ ಭಕ್ತರು ‘ಭಾರತದ ಮಸಲ್ ಕಾರು’ ಎಂದು ಕರೆಯುತ್ತಾರೆ. ಗರಡಿಮನೆಯ ಕಾರು ಎಂದಿಟ್ಟುಕೊಳ್ಳಿ. ಉದ್ದನೆಯ ಮೂತಿ, ಅಗಲವಾದ ಭುಜ, ನಾಲ್ಕು ದುಂಡು ದೀಪ. ನೋಡುವುದಕ್ಕೆ ಪೈಲ್ವಾನನೇ ಸರಿ. ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿಯವರು ಇದನ್ನು 1984ರಿಂದ 2002ರ ತನಕ ತಯಾರಿಸಿದರು. ಈ ದೇಹ ಎಲ್ಲಿಯದು? ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪೆನಿ 1970ರ ದಶಕದಲ್ಲಿ ಮಾರುತ್ತಿದ್ದ ಗಾಡಿಯದು. ಅಲ್ಲಿ ಅದರ ಕಾಲ ಮುಗಿದ ಮೇಲೆ ಅಚ್ಚುಗಳು ಇಲ್ಲಿಗೆ ಬಂದುವು. ಮೊದಲು ಅದರೊಳಗೆ ಕೂರಿಸಿದ ಎಂಜಿನು ಯಾವುದು? ವಾಕ್ಸ್‌ಹಾಲಿನದಲ್ಲ, ನಮ್ಮ ಅಂಬಾಸಡರಿನಲ್ಲಿದ್ದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 1489 ಘನ ಸೆಂಟಿಮೀಟರಿನ ಎಂಜಿನು, ಅದರ ಜೊತೆಗೆ ನಾಲ್ಕು ಗೇರು. ಅದರ ಶಕ್ತಿ ಸುಮಾರು ಐವತ್ತು ಕುದುರೆ. ಅಷ್ಟು ದೊಡ್ಡ ಮೈಗೆ ಅಷ್ಟು ಸಣ್ಣ ಹೃದಯ! ಗರಡಿಯ ಬಾಗಿಲಲ್ಲಿ ನಿಂತು ಫೋಟೊ ತೆಗೆಸಿಕೊಂಡು ಮನೆಗೆ ಹೋದ ಪೈಲ್ವಾನ ಅವನು. ಕಂಪೆನಿಗೂ ಇದು ತಿಳಿಯದೆ ಇರಲಿಲ್ಲ. ಕೆಲವು ವರ್ಷಗಳಲ್ಲೇ ಅದನ್ನು ಬಿಟ್ಟು ಜಪಾನಿನ ಇಸುಜು ಕಂಪೆನಿಯ 1817 ಘನ ಸೆಂಟಿಮೀಟರಿನ ಎಂಜಿನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ತಂದು ಹಾಕಿದರು. ಅಭಿಮಾನಿಗಳು ಇಂದು ಹುಡುಕಿ ಹುಡುಕಿ ಕೊಳ್ಳುವುದು ಈ ಎರಡನೆಯ ಅವತಾರವನ್ನೇ.

ಹಾಗಾದರೆ ಇಂಗ್ಲಿಷ್ ಮೈ, ಜಪಾನಿ ಹೃದಯ, ಬಂಗಾಳದ ಕಾರ್ಖಾನೆ. ಇದರಲ್ಲಿ ಅಸಲಿ ಯಾವುದು, ನಕಲಿ ಯಾವುದು? ಇನ್ನೂ ಒಂದು ಮಾತು. ಈ ವಾಕ್ಸ್‌ಹಾಲ್ ಗಾಡಿ ತನ್ನ ತವರಿನಲ್ಲಿ ಮಾರಾಟಕ್ಕಿದ್ದಾಗ, ಆಟೊಮ್ಯಾಟಿಕ್ ಗೇರು ಬೇಕೆಂದವರಿಗೆ ಅದೂ ಸಿಗುತ್ತಿತ್ತು. ಅಂದರೆ ನನ್ನ ಷಡ್ಡಕರು ಮಾಡಹೊರಟಿರುವುದು ಅಪಚಾರವೂ ಅಲ್ಲ, ಹೊಸದೂ ಅಲ್ಲ. ಆ ವಂಶದಲ್ಲಿ ಮೊದಲೇ ಇದ್ದ ಗುಣವೊಂದನ್ನು ಮರಳಿ ತರುವುದು. ನಮ್ಮ ಅಂಬಾಸಡರಿನ ಕಥೆಯೂ ಇದೇ. ಸ್ಟಿಯರಿಂಗಿನ ಕಂಬದ ಮೇಲಿದ್ದ ಗೇರುಕೋಲು ಕೆಳಗೆ ನೆಲಕ್ಕೆ ಇಳಿಯಿತು. 1990ರ ದಶಕದ ಆರಂಭದಲ್ಲಿ ಅದಕ್ಕೂ ಅದೇ ಇಸುಜು ಎಂಜಿನು, ಅದೇ ಐದು ಗೇರು ಬಂದುವು. ಅಂದು ಯಾರೂ ಸೂತಕ ಹಿಡಿದು ಕೂರಲಿಲ್ಲ. ಕಂಪೆನಿ ಬದಲಾಯಿಸಿದರೆ ಸುಧಾರಣೆ, ಒಡೆಯ ಬದಲಾಯಿಸಿದರೆ ಕುಲಗೆಡುವುದು! ಇದು ಯಾವ ಊರಿನ ನ್ಯಾಯ?

ಮಸಲ್ ಕಾರು ಎಂಬ ಮಾತು ಹುಟ್ಟಿದ ಅಮೆರಿಕಕ್ಕೇ ಹೋಗೋಣ. 1964ರಲ್ಲಿ ಪಾಂಟಿಯಾಕ್ ಕಂಪೆನಿ ತನ್ನ ನಡುವಣ ಗಾತ್ರದ ಕಾರಿಗೆ 389 ಘನ ಅಂಗುಲದ ಭಾರೀ ಎಂಜಿನನ್ನು ತುರುಕಿ ‘ಜಿ. ಟಿ. ಒ.’ ಎಂದು ಹೆಸರಿಟ್ಟಿತು. 325 ಕುದುರೆಗಳ ಶಕ್ತಿ. ಈ ಬಗೆಯ ಗಾಡಿಗಳ ವಂಶಾವಳಿಯನ್ನು ಬಹಳ ಮಂದಿ ಇದರಿಂದಲೇ ಎಣಿಸುತ್ತಾರೆ. ಆ ಮೂಲಪುರುಷನಿಗೂ ಆಟೊಮ್ಯಾಟಿಕ್ ಗೇರು ಇತ್ತು ಎಂಬುದನ್ನು ನಮ್ಮ ಗರಡಿಯ ಪಂಡಿತರು ಗಮನಿಸಬೇಕು. ಕೇಳಿದವರಿಗೆ ಕೊಡುತ್ತಿದ್ದರು; ಆದರೆ ಅದರಲ್ಲಿದ್ದದ್ದು ಎರಡೇ ಗೇರು. ಅಷ್ಟು ದೊಡ್ಡ ಎಂಜಿನಿಗೆ ಎರಡು ಗೇರು ಸಾಲದೆಂದು 1967ರಲ್ಲಿ ಕಂಪೆನಿಯೇ ಅದನ್ನು ತೆಗೆದು ಮೂರು ಗೇರಿನದನ್ನು ಹಾಕಿತು. ಅದರ ಹೆಸರು ಟರ್ಬೊ ಹೈಡ್ರಾಮ್ಯಾಟಿಕ್ 400. ಮುಂದೆ 1982ರಲ್ಲಿ ಜನರಲ್ ಮೋಟಾರ್ಸ್ ನಾಲ್ಕು ಗೇರಿನ 700ಆರ್4 ಎಂಬುದನ್ನು ಹೊರತಂದಿತು. ಅಂದಿನಿಂದ ಅಲ್ಲಿನ ಹಳೆಯ ಗಾಡಿಗಳ ಒಡೆಯರು ತಮ್ಮ ಎರಡು ಗೇರಿನ, ಮೂರು ಗೇರಿನ ಪೆಟ್ಟಿಗೆಗಳನ್ನು ಇಳಿಸಿ ಇದನ್ನು ಏರಿಸುತ್ತ ಬಂದಿದ್ದಾರೆ. ಅಲ್ಲಿಯೂ ಅಸಲಿತನದ ಮಡಿವಂತರಿದ್ದಾರೆ. ಎಂಜಿನಿನ ಸಂಖ್ಯೆ, ಗೇರ್‌ಪೆಟ್ಟಿಗೆಯ ಸಂಖ್ಯೆ, ಚಾಸಿಯ ಸಂಖ್ಯೆಗಳನ್ನು ಜಾತಕದಂತೆ ಕೂಡಿಸಿ ನೋಡಿ ಬೆಲೆ ಕಟ್ಟುತ್ತಾರೆ. ಆದರೆ ಅವರ ಪಕ್ಕದಲ್ಲೇ ಇವರೂ ಬಾಳುತ್ತಿದ್ದಾರೆ. ಸಂಖ್ಯೆ ಕೂಡಿದ ಗಾಡಿ ಷೆಡ್ಡಿನಲ್ಲಿರುತ್ತದೆ. ಕೂಡದ ಗಾಡಿ ರಸ್ತೆಯಲ್ಲಿರುತ್ತದೆ.

ನಾಲ್ಕನೆಯ ಗೇರಿನಿಂದ ಆಗುವ ಲಾಭವೇನು? ಸ್ವಲ್ಪ ಲೆಕ್ಕ ಹಾಕಬೇಕು. ಬೇಸರವಾದವರು ಈ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗಬಹುದು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ನಮ್ಮ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಉದ್ಘಾಟನೆ ಮಾಡಿದರು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಹಾದಿಯಲ್ಲಿ ದ್ವಿಚಕ್ರ ವಾಹನಗಳಿಗೂ ಆಟೊಗಳಿಗೂ ಟ್ರ್ಯಾಕ್ಟರುಗಳಿಗೂ ಪ್ರವೇಶವಿಲ್ಲ. ಕಾರುಗಳು ಗಂಟೆಗೆ 100 ಕಿಲೊಮೀಟರಿನ ತನಕ ಹೋಗಬಹುದು. ಈ ವೇಗದಲ್ಲಿ ಗಾಡಿ ನಿಮಿಷಕ್ಕೆ ಸುಮಾರು 1667 ಮೀಟರು ಸಾಗುತ್ತದೆ. ಚಕ್ರದ ಸುತ್ತಳತೆ 1.9 ಮೀಟರೆಂದಿಟ್ಟುಕೊಂಡರೆ ಚಕ್ರ ನಿಮಿಷಕ್ಕೆ 877 ಸುತ್ತು ಸುತ್ತಬೇಕು. ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್ಲು ನಾಲ್ಕಕ್ಕೆ ಒಂದು ಎಂದಿಟ್ಟುಕೊಳ್ಳಿ. ಗೇರ್‌ಪೆಟ್ಟಿಗೆಯ ಮೇಲಿನ ಗೇರು ಒಂದಕ್ಕೆ ಒಂದಾಗಿದ್ದರೆ ಎಂಜಿನು ನಿಮಿಷಕ್ಕೆ ಸುಮಾರು 3500 ಸುತ್ತು ಸುತ್ತಿ ಅರಚಬೇಕಾಗುತ್ತದೆ. 700ಆರ್4ರ ನಾಲ್ಕನೆಯ ಗೇರಿನಲ್ಲಿ ಆ ಪ್ರಮಾಣ 0.70. ಆಗ ಅದೇ ವೇಗಕ್ಕೆ 2450 ಸುತ್ತು ಸಾಕು. ಪ್ರತಿ ನಿಮಿಷವೂ ಸಾವಿರ ಸುತ್ತು ಉಳಿತಾಯ. ಮೂವತ್ತು ವರ್ಷದ ಮುದಿ ಎಂಜಿನಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಬೇರೆ ಯಾರೂ ಮಾಡಲಾರರು. ಕಂಟೆಸ್ಸಾದ ಇಸುಜು ಪೆಟ್ಟಿಗೆಯ ಐದನೆಯ ಗೇರೂ ಇದೇ ಕೆಲಸ ಮಾಡುತ್ತದೆ ಎನ್ನುವುದು ನಿಜ. ಅದಕ್ಕೇ ನಾನು ಹೇಳುವುದು: ಹಾಕುವುದಾದರೆ ಹಳೆಯ ಮೂರು ಗೇರಿನ ಆಟೊಮ್ಯಾಟಿಕ್ ಹಾಕಬಾರದು, ಇಂಥ ಮೇಲ್ಗೇರು ಇರುವುದನ್ನೇ ಹಾಕಬೇಕು. ಇಲ್ಲದಿದ್ದರೆ ಎಡಗಾಲಿಗೆ ಸುಖ ಸಿಕ್ಕಿ ಎಂಜಿನಿಗೆ ದುಃಖ ಬಂದೀತು.

ಆಟೊಮ್ಯಾಟಿಕ್ ಎಂದರೆ ಕೈಲಾಗದವರ ಗಾಡಿ ಎಂಬ ತಾತ್ಸಾರ ನಮ್ಮಲ್ಲಿ ಇನ್ನೂ ಹೋಗಿಲ್ಲ. ಸಣ್ಣ ಕಾರುಗಳಲ್ಲೂ ಅಗ್ಗದ ಸ್ವಯಂಚಾಲಿತ ಗೇರು 2014ರಿಂದ ಬಂದಿದೆ. ಬೆಂಗಳೂರಿನ ದಟ್ಟಣೆಯಲ್ಲಿ ಸಿಕ್ಕಿಕೊಂಡು ನಿತ್ಯ ಆಫೀಸಿಗೆ ಹೋಗುವ ಓದುಗರಲ್ಲಿ ಎಷ್ಟೋ ಮಂದಿ ಅದನ್ನೇ ನಡೆಸುತ್ತಿರಬಹುದು. ಆದರೂ ಭಾನುವಾರ ಹಳೆಯ ಗಾಡಿಯ ಮಾತು ಬಂದಾಗ ಎರಡು ಕಾಲಿನ ಪೌರುಷ ಎಲ್ಲಿಂದಲೋ ಜಾಗೃತವಾಗುತ್ತದೆ. ಇಂಥವರಿಗೆ ಎರಡು ಸಂಗತಿ ಹೇಳುತ್ತೇನೆ. ಜನರಲ್ ಮೋಟಾರ್ಸಿನ ಹೈಡ್ರಾಮ್ಯಾಟಿಕ್ ಗೇರು 1939ರಲ್ಲಿ ಪ್ರಕಟವಾಗಿ 1940ರ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಬಂತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ಅದೇ ಪೆಟ್ಟಿಗೆಗಳನ್ನು ತಮ್ಮ ಎಂ5 ಎಂಬ ಹಗುರ ಟ್ಯಾಂಕಿನಲ್ಲಿ ಎರಡೆರಡು ಎಂಜಿನುಗಳ ಜೊತೆ ಕೂರಿಸಿ ರಣರಂಗಕ್ಕೆ ಕಳಿಸಿದರು. ಗುಂಡಿನ ಮಳೆಯಲ್ಲಿ ಟ್ಯಾಂಕು ನಡೆಸಿದವನನ್ನು ಕೈಲಾಗದವನೆನ್ನಲು ಮಂಡ್ಯದ ಕಾಫಿ ಕ್ಲಬ್ಬಿನಲ್ಲಿ ಕುಳಿತವರಿಗೆ ಅಧಿಕಾರ ಕೊಟ್ಟವರಾರು? ಇನ್ನೊಂದು: ರೋಲ್ಸ್ ರಾಯ್ಸ್ ಕಂಪೆನಿಯವರೂ 1950ರ ದಶಕದ ಆರಂಭದಲ್ಲಿ ಇದೇ ಅಮೆರಿಕನ್ ಪೆಟ್ಟಿಗೆಯನ್ನು ತಮ್ಮ ಕಾರುಗಳಿಗೆ ಹಾಕಿಕೊಂಡರು. ಅದರಿಂದ ಅವರ ಮಾನವೇನೂ ಹೋದ ಹಾಗೆ ಕಾಣಲಿಲ್ಲ.

ಈ ಯಂತ್ರದ ಕೆಲಸದಲ್ಲಿ ಮಾಟವೇನೂ ಇಲ್ಲ. ಎರಡು ಫ್ಯಾನುಗಳನ್ನು ಎದುರುಬದುರಾಗಿ ಇಟ್ಟು ಒಂದಕ್ಕೆ ವಿದ್ಯುತ್ತು ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲವೆ? ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದೇ ಡಬ್ಬಿಯೊಳಗೆ ಮುಚ್ಚಿದರೆ ಟಾರ್ಕ್ ಕನ್ವರ್ಟರು. ಎಂಜಿನು ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನು ಎಸೆಯುತ್ತವೆ, ಗೇರ್‌ಪೆಟ್ಟಿಗೆಯ ರೆಕ್ಕೆಗಳು ಅದರ ಹೊಡೆತಕ್ಕೆ ತಿರುಗುತ್ತವೆ. ನಡುವೆ ಇರುವ ಮೂರನೆಯ ಸಣ್ಣ ರೆಕ್ಕೆಚಕ್ರ ಮರಳಿ ಬರುವ ಎಣ್ಣೆಯ ದಿಕ್ಕನ್ನು ತಿರುವಿ, ಹೊರಡುವ ಗಳಿಗೆಯಲ್ಲಿ ಸೆಳೆತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಗಾಡಿ ನಿಂತಾಗ ಎಣ್ಣೆ ಸುಮ್ಮನೆ ಜಾರಿಕೊಳ್ಳುತ್ತದೆ. ಕ್ಲಚ್ಚು ತುಳಿಯುವ ಅಗತ್ಯವೇ ಇಲ್ಲ. ಇದನ್ನು ಮೊದಲು ಯೋಚಿಸಿದವನು ಜರ್ಮನಿಯ ಫೊಟ್ಟಿಂಗರ್ ಎಂಬ ಎಂಜಿನಿಯರು, 1905ರಲ್ಲಿ, ಅದೂ ಕಾರಿಗಲ್ಲ, ಹಡಗಿಗೆ. ನೀರಿನ ಹೊಡೆತಕ್ಕೆ ಚಕ್ರ ತಿರುಗುವುದನ್ನು ಮಳವಳ್ಳಿ ತಾಲ್ಲೂಕಿನವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ. ಅವರ ಶಿವನಸಮುದ್ರದಲ್ಲಿ ಕಾವೇರಿ 1902ರಿಂದ ಅದೇ ಕೆಲಸ ಮಾಡಿಕೊಂಡು ಬಂದಿದ್ದಾಳೆ.

ಶಿವನಸಮುದ್ರದ ಹೆಸರೆತ್ತಿದ್ದರಿಂದ ಒಂದು ಮಾತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾಗಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದ ಆ ಕೇಂದ್ರದ ಹಿರಿಮೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಅದು ಹಂತಹಂತವಾಗಿ ಬೆಳೆದು 42 ಮೆಗಾವಾಟಿನ ಕೇಂದ್ರವಾಯಿತು. 1902ರ ಯಂತ್ರಗಳನ್ನೇ ಇಟ್ಟುಕೊಂಡಿದ್ದರೆ ಇದು ಆಗುತ್ತಿತ್ತೆ? ಯಂತ್ರ ಬದಲಾದುವೆಂದು ಶಿವನಸಮುದ್ರ ಶಿವನಸಮುದ್ರವಲ್ಲ ಎಂದು ಯಾರಾದರೂ ಹೇಳಿದರೆ? ನಮ್ಮ ಕಬ್ಬಿನ ಎತ್ತಿನಗಾಡಿಯನ್ನೇ ನೋಡಿ. ಕಬ್ಬಿಣದ ಪಟ್ಟಿಯ ಮರದ ಚಕ್ರ ಹೋಗಿ ರಬ್ಬರು ಟೈರು ಬಂದಿತು. ಎತ್ತುಗಳ ಹೆಗಲಿಗೆ ಹಾಯೆನಿಸಿತು. ಗಾಡಿಯ ಅಸಲಿತನ ಕೆಟ್ಟಿತೆಂದು ಒಂದು ಎತ್ತೂ ದೂರಿದ್ದನ್ನು ನಾನು ಕೇಳಿಲ್ಲ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಒಡೆಯ ತನ್ನ ಗಾಡಿಯನ್ನು ಬದಲಾಯಿಸಕೂಡದು. ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯಿದೆಯಲ್ಲಿ, ಒಪ್ಪಿಗೆಯಿಲ್ಲದೆ ಭಾಗಗಳನ್ನು ಬದಲಾಯಿಸಿದವರಿಗೆ ಬದಲಾವಣೆಯೊಂದಕ್ಕೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳ ತನಕ ಸೆರೆಮನೆ, ಇಲ್ಲವೆ ಎರಡೂ ಎಂದು ಗೊತ್ತುಮಾಡಿದರು. ಹುಡುಗರು ಸೈಲೆನ್ಸರು ಕಿತ್ತುಹಾಕಿ ಊರಿನ ನಿದ್ದೆ ಕೆಡಿಸುವುದನ್ನೂ, ಎತ್ತರದ ಚಕ್ರ ಹಾಕಿ ಮಗುಚಿ ಬೀಳುವುದನ್ನೂ ತಡೆಯಬೇಕಾದ್ದೇ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಕಲಮಿನಲ್ಲಿಯೇ ಒಂದು ವಿನೋದವಿದೆ. ಪೆಟ್ರೋಲಿನ ಗಾಡಿಗೆ ಅನಿಲದ ಸಿಲಿಂಡರು ಹಾಕಿಸಲು ಅದರಲ್ಲಿ ದಾರಿಯುಂಟು. ಅಷ್ಟೇ ಏಕೆ, ನಿಯಮಕ್ಕೆ ಒಪ್ಪಿದ ಸಾಮಗ್ರಿಯಿಂದ ಮಾಡಿಸಿದರೆ ಎಂಜಿನನ್ನೇ ಕಿತ್ತು ಬ್ಯಾಟರಿ ಮೋಟಾರು ಹಾಕಿಸಲೂ ದಾರಿಯುಂಟು. ಕಂಟೆಸ್ಸಾದ ಹೃದಯ, ಶ್ವಾಸಕೋಶ, ಕರುಳು ಎಲ್ಲವನ್ನೂ ತೆಗೆಯಲು ಸರ್ಕಾರಕ್ಕೆ ಅಭ್ಯಂತರವಿಲ್ಲ. ಮಂಡಿಚಿಪ್ಪೊಂದನ್ನು ಬದಲಾಯಿಸುತ್ತೇವೆ ಎಂದರೆ ಮಾತ್ರ ಯಾವ ಕಡತದಲ್ಲಿ ನೋಡಬೇಕೆಂಬುದು ಯಾರಿಗೂ ಗೊತ್ತಿಲ್ಲ. ನೋಂದಣಿ ಪತ್ರವನ್ನು ತೆಗೆದು ನೋಡಿ: ಎಂಜಿನಿನ ಸಂಖ್ಯೆ, ಚಾಸಿಯ ಸಂಖ್ಯೆ, ಇಂಧನ, ಬಣ್ಣ, ಆಸನಗಳ ಸಂಖ್ಯೆ, ಖಾಲಿ ತೂಕ ಎಲ್ಲ ಇವೆ. ಗೇರಿಗೆ ಅದರಲ್ಲಿ ಒಂದು ಅಂಕಣವೂ ಇಲ್ಲ. ಅಲ್ಲಿ ಇಲ್ಲದ ವಿವರ ಬೇರೆಯಾಗುವುದಾದರೂ ಹೇಗೆ ಎಂದು ವಾದಿಸಬಹುದು. ಆದರೆ ತನಿಖೆಗೆ ಬಂದ ಅಧಿಕಾರಿ ತಯಾರಕರ ಮೂಲ ವಿವರಪಟ್ಟಿಯನ್ನು ತೋರಿಸಿ ಇಲ್ಲವೆಂದರೆ ಆ ವಾದವನ್ನು ರಸ್ತೆಯ ಬದಿಯಲ್ಲಿ ನಿಂತು ಮುಗಿಸಲಾಗುವುದಿಲ್ಲ.

ಅಂಗವೈಕಲ್ಯವುಳ್ಳವರಿಗೆಂದು ಕಾಯಿದೆ ಬೇರೊಂದು ಬಾಗಿಲನ್ನು ತೆರೆದಿಟ್ಟಿದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅಂಥವರು ತಮ್ಮ ವಾಹನವನ್ನು ತಮಗೆ ಹೊಂದುವಂತೆ ಮಾರ್ಪಡಿಸಿ ಅನಂತರ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಬಹುದು. ಒಳ್ಳೆಯ ನಿಯಮ. ಆದರೆ ಮುಪ್ಪು ಅಂಗವೈಕಲ್ಯವೆ? ಲೋಹದ ಮಂಡಿಯಲ್ಲಿ ಮೆಟ್ಟಿಲು ಹತ್ತುವವರನ್ನು ವಿಕಲಾಂಗರೆಂದು ಯಾವ ವೈದ್ಯರು ಬರೆದುಕೊಟ್ಟಾರು? ಹತ್ತಲಾರದವರಾದರೆ ನೀವು ಗಾಡಿ ಓಡಿಸುವುದೇ ಬೇಡ ಎಂದಾರು! ಒಂದು ಕಛೇರಿಯಲ್ಲಿ ನನ್ನ ಷಡ್ಡಕರಿಗೆ ಸಿಕ್ಕಿದ ಉತ್ತರ ಹೆಚ್ಚುಕಡಮೆ ಇಂಥದೇ: ‘ಯಜಮಾನರೆ, ಈ ವಯಸ್ಸಿನಲ್ಲಿ ಒಬ್ಬ ಡ್ರೈವರನ್ನು ಇಟ್ಟುಕೊಳ್ಳಿ.’ ಕೇಳಿದ್ದು ಗೇರಿನ ವಿಚಾರ, ಸಿಕ್ಕಿದ್ದು ಸಂಸಾರದ ಬುದ್ಧಿವಾದ.

2021ರಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳ ವಿಷಯದಲ್ಲಿ ಎರಡು ಕೆಲಸ ಮಾಡಿತು. ಒಂದು, ಗುಜರಿ ನೀತಿ. ಇನ್ನೊಂದು, ವಿಂಟೇಜ್ ವಾಹನಗಳ ನಿಯಮ. ಈ ಎರಡನೆಯದರ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು; ಗಾಡಿ ಮೂಲರೂಪದಲ್ಲಿರಬೇಕು; ಚಾಸಿ, ಮೈ, ಎಂಜಿನುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಿರಕೂಡದು. ಹಾಗಿದ್ದರೆ ವಿಶೇಷ ಸಂಖ್ಯೆ ಸಿಗುತ್ತದೆ. ಆದರೆ ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅತ್ಯಂತ ಹಿರಿಯ ಕಂಟೆಸ್ಸಾಕ್ಕೂ 2034ಕ್ಕೆ ಮೊದಲು ಈ ಗೌರವ ದೊರೆಯದು. ದೊರೆತ ದಿನವೇ ಅದಕ್ಕೆ ಗೃಹಬಂಧನ. ಒಂದು ಕಡೆ ಗುಜರಿ, ಇನ್ನೊಂದು ಕಡೆ ವಸ್ತುಸಂಗ್ರಹಾಲಯ. ನಡುವೆ ಕೆ. ಎಂ. ದೊಡ್ಡಿಗೆ ಹೋಗಿ ಮೊಮ್ಮಗಳನ್ನು ಕರೆತರಬೇಕಾದ ಮುದುಕನೊಬ್ಬನಿದ್ದಾನೆ ಎಂಬುದು ಎರಡು ನಿಯಮಗಳಿಗೂ ಹೊಳೆದಿಲ್ಲ. ಆತ ಐದು ವರ್ಷಕ್ಕೊಮ್ಮೆ ಗಾಡಿಯನ್ನು ತಪಾಸಣೆಗೆ ಒಡ್ಡಿ, ಶುಲ್ಕ ಕಟ್ಟಿ, ನೋಂದಣಿಯನ್ನು ನವೀಕರಿಸಿಕೊಂಡು ಬಂದಿದ್ದಾನೆ. ವಿಮೆಯನ್ನೂ ತಪ್ಪಿಸಿಲ್ಲ.

ಹಾಗೆಂದು ನಮ್ಮ ಮತದವರೆಲ್ಲ ಸಾಧುಗಳಲ್ಲ. ಕಂಟೆಸ್ಸಾದ ಮೂತಿ ಉದ್ದವಾಗಿದೆಯೆಂದು ಅದರೊಳಗೆ ನಾಲ್ಕು ಪಟ್ಟು ಶಕ್ತಿಯ ಎಂಜಿನನ್ನು ತುರುಕಿ, ಹಳೆಯ ಬ್ರೇಕನ್ನೇ ಉಳಿಸಿಕೊಂಡು, ರಾತ್ರಿ ಹೊತ್ತು ಹೆದ್ದಾರಿಗೆ ಹೋಗುವವರಿದ್ದಾರೆ. ಅವರ ಜೊತೆ ನನ್ನನ್ನು ಸೇರಿಸಬೇಡಿ. ಆಟೊಮ್ಯಾಟಿಕ್ ಹಾಕುವುದರಲ್ಲಿಯೂ ಅಡ್ಡದಾರಿಗಳುಂಟು. ಎಂಜಿನಿನ ಬೆನ್ನಿಗೂ ಪೆಟ್ಟಿಗೆಯ ಮುಖಕ್ಕೂ ಬೋಲ್ಟಿನ ತೂತುಗಳು ಕೂಡದಿದ್ದಾಗ ನಡುವೆ ಒಂದು ಲೋಹದ ಫಲಕ ಮಾಡಿಸಬೇಕು. ಅದರ ಕೇಂದ್ರ ಕೂದಲೆಳೆಯಷ್ಟು ತಪ್ಪಿದರೂ ಪೆಟ್ಟಿಗೆಯ ಮುಂದಿನ ಸೀಲು, ಪಂಪು ಎರಡೂ ಹೋದುವು. ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಾಗುತ್ತದೆ. ಕತ್ತರಿಸಿ ಬೆಸೆದರಾಗಲಿಲ್ಲ, ತೂಕ ಸರಿದೂಗಿಸಬೇಕು, ಇಲ್ಲದಿದ್ದರೆ ಗಾಡಿ ಅರವತ್ತರ ವೇಗದಲ್ಲಿ ಚಳಿ ಹಿಡಿದವರಂತೆ ನಡುಗುತ್ತದೆ. ಎಣ್ಣೆಯ ಶಾಖ ಇಳಿಸಲು ಮುಂದುಗಡೆ ಬೇರೊಂದು ಕೂಲರು ಬೇಕೇ ಬೇಕು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಬೇಸಗೆಯಲ್ಲಿ ತೆವಳುವ ಗಾಡಿಗಂತೂ ಇದು ಪ್ರಾಣ. ಗೇರಿನಲ್ಲಿರುವಾಗ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚನ್ನು ಹಾಕದೆ ಬಿಡುವ ಸೋಮಾರಿಗಳಿಗೆ 5000 ರೂಪಾಯಿಯೂ ಕಡಮೆ ದಂಡವೇ. 700ಆರ್4ರಂಥ ಪೆಟ್ಟಿಗೆಯಲ್ಲಿ ಕಾರ್ಬ್ಯುರೇಟರಿನಿಂದ ಬರುವ ಒಂದು ತಂತಿ ಒಳಗಿನ ಎಣ್ಣೆಯ ಒತ್ತಡವನ್ನು ನಿರ್ಧರಿಸುತ್ತದೆ. ಅದನ್ನು ಅಳತೆಗೆ ಹೊಂದಿಸದೆ ಹೊರಟವರು ಹೊಸ ಪೆಟ್ಟಿಗೆಯ ಒಳಗಿನ ಕ್ಲಚ್ಚುಗಳನ್ನು ಕೆಲವೇ ದಿನಗಳಲ್ಲಿ ಸುಟ್ಟು, ಪೆಟ್ಟಿಗೆಯೇ ಕೆಟ್ಟದ್ದೆಂದು ಸಾರಿಕೊಂಡು ತಿರುಗುತ್ತಾರೆ. ಎಲ್ಲಕ್ಕಿಂತ ಮೊದಲು ಬ್ರೇಕು. ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನಿನಿಂದಲೇ ತಡೆಯುವ ಅಭ್ಯಾಸ ಆಟೊಮ್ಯಾಟಿಕ್ ಬಂದ ಮೇಲೆ ಕಡಮೆಯಾಗುತ್ತದೆ; ಆ ಭಾರವೂ ಬ್ರೇಕಿನ ಮೇಲೆಯೇ ಬೀಳುತ್ತದೆ.

ಒಂದೇ ಒಂದು ಉಳಿದಿರುವ ಗಾಡಿಯ ಮಾತು ಬೇರೆ. ಅರಮನೆಯ ಕಾಲದ ರೋಲ್ಸ್ ರಾಯ್ಸಿಗೆ ಜಪಾನಿನ ಪೆಟ್ಟಿಗೆ ಹಾಕಹೊರಟರೆ ನಾನೇ ಹೋಗಿ ಗಾಡಿಯ ಕೆಳಗೆ ಮಲಗಿಕೊಂಡೇನು. ಕಂಟೆಸ್ಸಾ ಹಾಗಲ್ಲ. ಅದರಲ್ಲಿಯೂ ನಾನು ಹೇಳುವ ಕೆಲಸದಲ್ಲಿ ಒಂದನ್ನೂ ಮರಳಿ ಸರಿಪಡಿಸಲಾಗದಂತೆ ಮಾಡಬೇಕಾಗಿಲ್ಲ. ನೆಲದ ತಗಡನ್ನು ಕತ್ತರಿಸಕೂಡದು; ಪೆಟ್ಟಿಗೆ ಹೊರುವ ಅಡ್ಡತೊಲೆಯನ್ನು ಬೆಸೆಯದೆ ಬೋಲ್ಟು ಹಾಕಿ ಕೂರಿಸಬೇಕು; ಹಳೆಯ ಪೆಟ್ಟಿಗೆ, ಪೆಡಲು, ಫ್ಲೈವೀಲು, ಶಾಫ್ಟುಗಳಿಗೆ ಎಣ್ಣೆ ಬಳಿದು, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಡಬೇಕು. ನಾಳೆ ಮೊಮ್ಮಗಳು ದೊಡ್ಡವಳಾಗಿ, ತನಗೆ ಎರಡು ಕಾಲೂ ಗಟ್ಟಿಯಾಗಿವೆ, ಅಜ್ಜನ ಗಾಡಿಯನ್ನು ಅಸಲಿಯಾಗಿಯೇ ಓಡಿಸುತ್ತೇನೆ ಎಂದರೆ ಒಂದು ವಾರದಲ್ಲಿ ಮರಳಿ ಜೋಡಿಸಬಹುದು.

ಇಂಥ ಕೆಲಸ ಮಾಡಬಲ್ಲವರು ನಮ್ಮಲ್ಲಿ ಇಲ್ಲವೆಂದು ಯಾರೂ ತಿಳಿಯಬೇಡಿ. ಜೀಪುಗಳಿಗೆ, ಅಂಬಾಸಡರು ಟ್ಯಾಕ್ಸಿಗಳಿಗೆ ಬೇರೆ ಎಂಜಿನು, ಬೇರೆ ಗೇರು ಕೂರಿಸಿ ವರ್ಷಗಟ್ಟಲೆ ಓಡಿಸಿದ ಕೈಗಳು ಈ ಸೀಮೆಯಲ್ಲಿವೆ. ಮದ್ದೂರಿನ ಹಳೆಯ ರಸ್ತೆಯಲ್ಲಿ ಷೆಡ್ಡು ಇಟ್ಟುಕೊಂಡಿರುವ ಒಬ್ಬ ಮೇಸ್ತ್ರಿಗೆ ನಮ್ಮ ಈ ವ್ಯಾಜ್ಯವನ್ನೆಲ್ಲ ವಿವರಿಸಿದೆ. ಆತ ಕೈಯ ಗ್ರೀಸನ್ನು ಒರಸಿಕೊಳ್ಳುತ್ತ ಹೇಳಿದ್ದಿಷ್ಟು: ‘ಸಾ, ಎತ್ತಿಗೆ ವಯಸ್ಸಾದ್ರೆ ಗಾಡೀಗ್ ಭಾರ ಕಮ್ಮಿ ಏರ್ತೀವಿ. ಆಳಿಗೆ ವಯಸ್ಸಾದ್ರೆ ಪೆಡ್ಲು ಕಮ್ಮಿ ಮಾಡುದ್ರಾಯ್ತು. ಇದ್ರಲ್ಲೇನೈತೆ ಬುಡಿ. ಬ್ರೇಕ್ ನಾನ್ ನೋಡ್ಕತೀನಿ, ಕಾಗ್ದ ನೀವ್ ನೋಡ್ಕಳಿ.’

ಆ ಕಾಗದವನ್ನೇ ನಾನು ಸರ್ಕಾರದಿಂದ ಕೇಳುತ್ತಿರುವುದು. ಗೇರ್‌ಪೆಟ್ಟಿಗೆ ಬದಲಾಯಿಸುವವರಿಗೆ ಒಂದು ಅರ್ಜಿ ನಮೂನೆ ಇರಲಿ. ಕೆಲಸವಾದ ಮೇಲೆ ಗಾಡಿಯನ್ನು ತೂಗಿ ನೋಡಲಿ, ಬ್ರೇಕನ್ನು ಪರೀಕ್ಷಿಸಲಿ, ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗುವುದೋ ಎಂದು ನೋಡಲಿ, ಎಣ್ಣೆ ಸೋರುವುದೋ ಎಂದು ಕೆಳಗೆ ಬಗ್ಗಿ ನೋಡಲಿ. ತೃಪ್ತಿಯಾಗದಿದ್ದರೆ ತಿರಸ್ಕರಿಸಲಿ, ಆದರೆ ಕಾರಣವನ್ನು ಬರೆದುಕೊಡಲಿ. ತೃಪ್ತಿಯಾದರೆ ನೋಂದಣಿ ಪತ್ರದಲ್ಲಿ ‘ಸ್ವಯಂಚಾಲಿತ ಗೇರು’ ಎಂದು ಒಂದು ಸಾಲು ಬರೆಯಲಿ. ಇದಕ್ಕೆ ಅಂಗವೈಕಲ್ಯದ ಪ್ರಮಾಣಪತ್ರವನ್ನು ಕೇಳಬಾರದು. ಅರವತ್ತು ದಾಟಿದವರಿಂದಲಂತೂ ಯಾವ ಕಾರಣವನ್ನೂ ಕೇಳಬಾರದು. ಅನಿಲದ ಸಿಲಿಂಡರಿಗೂ ಬ್ಯಾಟರಿ ಮೋಟಾರಿಗೂ ನಿಯಮ ಬರೆಯಬಲ್ಲ ಇಲಾಖೆಗೆ ಇದು ಒಂದು ಪುಟದ ಕೆಲಸ.

ಅಡ್ಡತೊಲೆಯ ನಕ್ಷೆ ಸಿದ್ಧವಾಗಿದೆ. ಶಾಫ್ಟಿನ ಅಳತೆಯೂ ಆಗಿದೆ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಕೂಲರಿಗೆ ಮುಂಗಡ ಕೊಟ್ಟಾಗಿದೆ. ನನ್ನ ಷಡ್ಡಕರು ಪ್ರತಿ ಭಾನುವಾರ ದೂರವಾಣಿಯಲ್ಲಿ ಕೇಳುತ್ತಾರೆ, ಅರ್ಜಿಯನ್ನು ಯಾವ ಕಿಟಕಿಯಲ್ಲಿ ಕೊಡಬೇಕೆಂಬುದು ಗೊತ್ತಾಯಿತೆ ಎಂದು.